ದಿವಾಳಿ ಕೇಸ್ ವಕೀಲಿಕೆ ಕಲಿತು ಕೊಡಗಿಗೇ ವಾಪಸ್ ಬಂದ್ರೆ ಹೊಟ್ಟೆಪಾಡು ನಡೆಯುತ್ತಾ?

ಕಿಗ್ಗಟ್ಟುನಾಡು_ಎಲ್‌ಎಲ್‌ಬಿ:

ಎಲ್ರಿಗೂ ನಮಸ್ಕಾರ. ನಮ್ಮೂರು ಪೊನ್ನಂಪೇಟೆ ಹತ್ರ, ಮೈಸೂರಲ್ಲಿ ಲಾ ಓದ್ತಿದೀನಿ, ಇದು ಕೊನೇ ವರ್ಷ. ರಜೆಯಲ್ಲಿ ಬೆಂಗಳೂರಿನ ಒಂದು ಆಫೀಸಲ್ಲಿ ಇಂಟರ್ನ್‌ಶಿಪ್ ಮಾಡೋವಾಗ ಕಂಪನಿ ದಿವಾಳಿ ಕೇಸ್ ಕೇಳೋ ಟ್ರಿಬ್ಯೂನಲ್ ಎನ್‌ಸಿಎಲ್‌ಟಿಗೆ ಹೋಗಿ ಹಿಂದಿನ ಸಾಲಲ್ಲಿ ಕೂತು ನೋಡ್ತಿದ್ದೆ, ಈ ದಿವಾಳಿ ಕೇಸಿನ ಹುಚ್ಚು ಹಿಡಿದಿದ್ದು ಅಲ್ಲೇ. ಕ್ಲಾಸಲ್ಲೂ ಬೈಜೂಸ್ ಕೇಸ್ ಬಗ್ಗೆ ಸಿಕ್ಕಾಪಟ್ಟೆ ಚರ್ಚೆ ಆಗಿತ್ತು. 158 ಕೋಟಿ ಬಾಕಿ ಅಂತ ಬಿಸಿಸಿಐ ಅರ್ಜಿ ಹಾಕಿದ್ದಕ್ಕೆ ಅಷ್ಟು ದೊಡ್ಡ ಕಂಪನಿ 2024ರ ಜುಲೈಲಿ ಬೆಂಗಳೂರು ಬೆಂಚಲ್ಲಿ ಅಡ್ಮಿಟ್ ಆಯ್ತು, ಅಂದ್ರೆ ದಿವಾಳಿ ಪ್ರಕ್ರಿಯೆ ಶುರುವಾಯ್ತು, ಆಗಸ್ಟಲ್ಲಿ ಅಪೀಲು ಕೇಳೋ ಚೆನ್ನೈನ ಎನ್‌ಸಿಎಲ್‌ಎಟಿ ರಾಜಿ ಒಪ್ಕೊಂಡು ಅದನ್ನ ಮುಚ್ತು, ಅಕ್ಟೋಬರಲ್ಲಿ ಸುಪ್ರೀಂ ಕೋರ್ಟ್ ಆ ಆರ್ಡರನ್ನೇ ತೆಗೆದುಹಾಕ್ತು. ಮೂರು ತಿಂಗಳಲ್ಲಿ ಇಷ್ಟು ತಿರುವು ನಾನಂತೂ ಬೇರೆ ಯಾವ ಸಬ್ಜೆಕ್ಟಲ್ಲೂ ನೋಡಿಲ್ಲ.

ಮನೇಲಿ ಮಾತ್ರ ಯಾರಿಗೂ ಇದು ಇಷ್ಟ ಇಲ್ಲ. ಅಪ್ಪ ಹೇಳೋದು ವಿರಾಜಪೇಟೆಲಿ ಯಾರಾದ್ರೂ ಒಳ್ಳೆ ಸೀನಿಯರ್ ಹತ್ರ ಸೇರ್ಕೋ, ಕೊಡಗಲ್ಲಿ ಜಾಗದ ಕೇಸ್ ಯಾವತ್ತೂ ಮುಗಿಯಲ್ಲ ನಿಂಗೆ ಕೆಲಸಕ್ಕೆ ಬರ ಇಲ್ಲ ಅಂತ. ಮಾವ ಇನ್ನೂ ಒಂದು ಹೆಜ್ಜೆ ಮುಂದೆ, ದುಡ್ಡಿಲ್ಲದೆ ಮುಳುಗಿದವನೇ ನಿನ್ನ ಕಕ್ಷಿದಾರ ಅಂದ್ಮೇಲೆ ನಿಂಗೆ ಫೀಸ್ ಕೊಡೋನು ಯಾರು ಅಂತ ಕೇಳ್ತಾರೆ. ಉತ್ತರ ಗೊತ್ತಿರ್ಲಿಲ್ಲ, ಸುಮ್ಮನಾದೆ.

ಕೇಳ್ಬೇಕಿದ್ದು ಇಷ್ಟೇ. ದಿನಾ ಈ ಕೆಲಸ ನಿಜಕ್ಕೂ ಹೇಗಿರುತ್ತೆ? ಕೆಲವು ವರ್ಷ ಬೆಂಗಳೂರಲ್ಲಿದ್ದು ಆಮೇಲೆ ಕೊಡಗಲ್ಲೇ ಕೂತು ಮಾಡೋಕೆ ಆಗುತ್ತಾ? ಮುಳುಗಿದ ಕಂಪನಿ ನೋಡ್ಕೊಳ್ಳೋಕೆ ನೇಮಕ ಆಗೋ ಇನ್‌ಸಾಲ್ವೆನ್ಸಿ ಪ್ರೊಫೆಷನಲ್ (ಐಪಿ) ಪರೀಕ್ಷೆ ಈಗ್ಲೇ ಬರೀಬೇಕಾ? ದುಡ್ಡಿನ ವಿಷಯನೂ ಮುಚ್ಚುಮರೆ ಇಲ್ದೆ ಹೇಳಿ.

ಸೋಮವಾರಪೇಟೆ_ಟು_ಎಂಜಿ_ರೋಡ್:

ನಿಮ್ಮ ಮಾವನಿಗೆ ಮೊದ್ಲು ಉತ್ತರ ಕೊಡ್ತೀನಿ. ನಮ್ಮ ಫೀಸ್ ಬರೋದು ಬಹುಪಾಲು ಮುಳುಗಿದವನಿಂದ ಅಲ್ಲ, ಅವನಿಗೆ ಸಾಲ ಕೊಟ್ಟವರಿಂದ. ಬ್ಯಾಂಕ್, ಎನ್‌ಬಿಎಫ್‌ಸಿ, ಮಾಲು ಸಪ್ಲೈ ಮಾಡಿ ದುಡ್ಡು ಬರದೆ ಕೂತಿರೋರು, ಆಮೇಲೆ ಮುಳುಗಿದ ಕಂಪನಿ ತಗೊಳ್ಳೋಕೆ ಬರೋ ಬಿಡ್ಡರ್. ಕಂಪನಿ ಅಡ್ಮಿಟ್ ಆದ್ಮೇಲೆ ಅದನ್ನ ನಡೆಸೋಕೆ ನೇಮಕ ಆದ ರೆಸಲ್ಯೂಷನ್ ಪ್ರೊಫೆಷನಲ್ ಇಟ್ಕೊಳ್ಳೋ ವಕೀಲರ ಫೀಸು ಪ್ರಕ್ರಿಯೆ ಖರ್ಚಿಗೆ ಸೇರುತ್ತೆ, ದಿವಾಳಿ ಕಾಯ್ದೆ ಐಬಿಸಿಯ ಸೆಕ್ಷನ್ 53ರ ಪಾವತಿ ಸರದಿಲಿ ಎಲ್ಲರಿಗಿಂತ ಮೊದ್ಲು ಹೋಗೋದು ಆ ಖರ್ಚು. ಹಾಗಾಗಿ ಮಾವನ ಪ್ರಶ್ನೆ ಸರಿ ಇದೆ, ಆದ್ರೆ ಹೆದರೋ ಅಂಥದ್ದಲ್ಲ.

ಇನ್ನು ಕೆಲಸ. ಹಿಂದಿನ ಸಾಲಲ್ಲಿ ಕೂತಾಗ ನಿಮಗೆ ಕಂಡಿದ್ದು ಸೀನಿಯರ್ ಎದ್ದು ನಿಂತು ಎರಡು ನಿಮಿಷ ಮಾತಾಡಿದ್ದು. ಅದರ ಹಿಂದೆ ಇರೋದು ಫೈಲು, ಬರೀ ಫೈಲು. ಸೆಕ್ಷನ್ 7 ಅಂದ್ರೆ ಬ್ಯಾಂಕಿನಂಥ ಫೈನಾನ್ಷಿಯಲ್ ಕ್ರೆಡಿಟರ್ ಹಾಕೋದು, 9 ಅಂದ್ರೆ ಮಾಲು ಅಥವಾ ಸೇವೆ ಕೊಟ್ಟ ಆಪರೇಷನಲ್ ಕ್ರೆಡಿಟರ್ ಹಾಕೋದು, 10 ಅಂದ್ರೆ ಕಂಪನಿ ತಾನೇ ಬಂದು ಕೈ ಎತ್ತೋದು, ಇಷ್ಟು ನಿಮಗೆ ಗೊತ್ತೇ ಇರುತ್ತೆ. ಜೂನಿಯರ್ ಆಗಿ ನೀವು ಮಾಡೋದು ಡೀಫಾಲ್ಟ್ ಆದ ತಾರೀಖು ಹುಡುಕೋದು. ನಗಬೇಡಿ, ಅರ್ಧ ಕೇಸು ಅಲ್ಲೇ ಗೆಲ್ಲೋದು ಅಲ್ಲೇ ಸೋಲೋದು. ಲಿಮಿಟೇಶನ್, ಅಂದ್ರೆ ಕೇಸ್ ಹಾಕೋ ಗಡುವು, ಮೂರು ವರ್ಷ, ಸಾಲ ಎನ್‌ಪಿಎ (ಕಂತು ಬರದೆ ನಿಂತ ಸಾಲ) ಆದ ದಿನದಿಂದ ಎಣಿಸಿದ್ರೆ ಕಳೆದು ಹೋಗಿರುತ್ತೆ, ಆಗ ಕಂಪನಿಯ ಹಳೇ ಬ್ಯಾಲೆನ್ಸ್ ಶೀಟ್ ತೆಗೆದು ಇಲ್ಲಿ ಸಾಲ ಇದೆ ಅಂತ ಅವರೇ ಒಪ್ಕೊಂಡಿದಾರೆ ನೋಡಿ ಸ್ವಾಮಿ ಅಂತ ತೋರಿಸ್ಬೇಕು, ಹಾಗೆ ತೋರಿಸೋಕೆ 2021ರಲ್ಲಿ ಬಿಶಾಲ್ ಜೈಸ್ವಾಲ್ ಕೇಸಲ್ಲಿ ಸುಪ್ರೀಂ ಕೋರ್ಟ್ ದಾರಿ ಬಿಟ್ಟಿದೆ, ಅದರ ಜೊತೆ ಸಾಲದ ಮಾಹಿತಿ ಇಡೋ ನೆಸ್ಲ್ ಸಂಸ್ಥೆಯ ಡೀಫಾಲ್ಟ್ ರೆಕಾರ್ಡ್, ಸ್ಯಾಂಕ್ಷನ್ ಲೆಟರ್, ಅಕೌಂಟ್ ಸ್ಟೇಟ್‌ಮೆಂಟ್ ಎಲ್ಲ ಜೋಡಿಸಿ ಪುಟ ಸಂಖ್ಯೆ ಹಾಕಿ ಇ-ಫೈಲ್ ಮಾಡ್ಬೇಕು, ಒಂದು ಪುಟ ಮಸುಕಾಗಿದ್ರೂ ರಿಜಿಸ್ಟ್ರಿ ಡಿಫೆಕ್ಟ್ ಅಂತ ವಾಪಸ್ ಕಳಿಸುತ್ತೆ.

ಸೆಕ್ಷನ್ 9 ಆದ್ರೆ ಇನ್ನೊಂದು ಥರ. ಮೊದ್ಲು ಡಿಮ್ಯಾಂಡ್ ನೋಟಿಸ್, ಹತ್ತು ದಿನ ಟೈಮು. ಅಷ್ಟರಲ್ಲಿ ಎದುರಿನವನು ಮಾಲು ಸರಿ ಇರ್ಲಿಲ್ಲ ಅಂತ ಹಿಂದೆ ಬರೆದಿದ್ದ ಒಂದು ಇಮೇಲ್ ತೋರಿಸಿದ್ರೆ ಮುಗೀತು, ಮೊದ್ಲೇ ತಕರಾರಿತ್ತು ಅಂತ ಅರ್ಜಿ ವಜಾ. 2017ರ ಮೊಬಿಲಾಕ್ಸ್ ಜಡ್ಜ್‌ಮೆಂಟ್ ಓದಿಲ್ದೆ ಯಾರೂ ಈ ಕೆಲಸಕ್ಕೆ ಕೈ ಹಾಕಬಾರದು.

ಮತ್ತೆ ಗಡುವುಗಳು. ಸಿವಿಲ್ ಕೋರ್ಟಲ್ಲಿ ತಡ ಆಗಿದ್ದನ್ನ ಮನ್ನಿಸಿ ಅಂತ ಒಂದು ಅಫಿಡವಿಟ್ ಹಾಕಿದ್ರೆ ನಡೆಯುತ್ತೆ ಅನ್ನೋ ಅಭ್ಯಾಸ ಇದ್ರೆ ಈಗ್ಲೇ ಬಿಡಿ. ಎನ್‌ಸಿಎಲ್‌ಎಟಿಗೆ ಅಪೀಲು 30 ದಿನ, ಕಾರಣ ಕೊಟ್ರೆ ಇನ್ನು 15, ಅದರ ಮೇಲೆ ಒಂದು ದಿನ ಆದ್ರೂ ಬಾಗಿಲು ಹಾಕಿದ ಹಾಗೇನೇ. ಆ 30 ದಿನ ಎಣಿಸೋದು ಆರ್ಡರ್ ಓದಿದ ದಿನದಿಂದ, ಸರ್ಟಿಫೈಡ್ ಕಾಪಿ ಕೈಗೆ ಬಂದ ದಿನದಿಂದ ಅಲ್ಲ. ಇಷ್ಟೆಲ್ಲ ಗಡಿಬಿಡಿ ವಕೀಲರಿಗೆ, ಕೇಸ್ ಮಾತ್ರ ಪ್ರಕ್ರಿಯೆ ಮುಗಿಸೋಕೆ ಕಾನೂನಲ್ಲಿ ಬರೆದಿರೋ 180 ದಿನ, 270 ದಿನ, 330 ದಿನ ಎಲ್ಲ ದಾಟಿ ಎಳೀತಾನೇ ಇರುತ್ತೆ ಅನ್ನೋದು ಬೇರೆ ವಿಷಯ.

ದುಡ್ಡು. ದೊಡ್ಡ ಫರ್ಮ್‌ಗೆ ಕ್ಯಾಂಪಸಿಂದ ಹೋದ್ರೆ ಒಂದು ಲೆಕ್ಕ, ಚೇಂಬರ್‌ಗೆ ಸೇರಿದ್ರೆ ಇನ್ನೊಂದು ಲೆಕ್ಕ. ಜೂನಿಯರ್‌ಗಳಿಗೆ ಪಟ್ಟಣದಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ಆದ್ರೂ ಕೊಡಿ ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರ ಅಕ್ಟೋಬರಲ್ಲಿ ಸುತ್ತೋಲೆ ಕಳಿಸ್ತು, ಅದು ಸಲಹೆ ಮಾತ್ರ, ಎಷ್ಟೋ ಚೇಂಬರಲ್ಲಿ ಅದನ್ನ ಓದೂ ಇಲ್ಲ. ಬೆಂಗಳೂರಲ್ಲಿ ಪಿಜಿ ಬಾಡಿಗೆ ಕಟ್ಟಿ ಊಟ ಮಾಡೋಕೆ ಮೊದಲ ಎರಡು ವರ್ಷ ಮನೆಯಿಂದ ಸಹಾಯ ಬೇಕಾಗುತ್ತೆ ಅಂತ ಅಪ್ಪನಿಗೆ ಈಗ್ಲೇ ಹೇಳಿಡಿ.

ಮಡಿಕೇರಿ_ಬಾರ್:

ಮೇಲಿನವರು ಹೇಳಿದ್ದೆಲ್ಲ ಸರಿ, ಆದ್ರೆ ಎಂಜಿ ರೋಡಿಂದ ನೋಡಿದ್ರೆ ಕೊಡಗು ಕಾಣುವುದಿಲ್ಲ ಅಲ್ವಾ. ತಂಗಿ, ದಿವಾಳಿ ಕೆಲಸ ಅಂದ್ರೆ ಎನ್‌ಸಿಎಲ್‌ಟಿ ಒಂದೇ ಅಲ್ಲ. ಇಲ್ಲಿ ಸಾಲದ ಜಗಳ ಬರುವುದು ಬೇರೆ ಬಾಗಿಲಿಂದ.

ಮೊದಲನೇದು ಸರ್ಫೇಸಿ. ಅಡವಿಟ್ಟ ಆಸ್ತಿಯನ್ನು ಬ್ಯಾಂಕ್ ತಾನೇ ವಶಕ್ಕೆ ತಗೊಂಡು ಮಾರುವ 2002ರ ಕಾಯ್ದೆ. ಬ್ಯಾಂಕಿನವರು 13(2) ನೋಟಿಸ್ ಕಳಿಸ್ತಾರೆ, 60 ದಿನ ಟೈಮು. ನಮ್ಮವರು ಎಂಥ ಮಾಡ್ತಾರೆ? ಮಳೆಗಾಲ ಮುಗಿಯಲಿ, ಕಾಫಿ ಕೊಯ್ಲು ಆಗಲಿ, ಮೆಣಸು ಮಾರಿ ಕಟ್ಟುವ ಅಂತ ಆ ಕವರನ್ನು ಷೋಕೇಸ್ ಮೇಲೆ ಇಟ್ಟು ಮರೀತಾರೆ. ಆ ನೋಟಿಸಿಗೆ ಆಕ್ಷೇಪಣೆ ಬರೆದ್ರೆ 15 ದಿನದಲ್ಲಿ ಬ್ಯಾಂಕ್ ಉತ್ತರ ಕೊಡಲೇಬೇಕು, ಇದು ಸುಮಾರು ಜನಕ್ಕೆ ಗೊತ್ತೇ ಇಲ್ಲ. ಆಮೇಲೆ 13(4) ಪೊಸೆಷನ್ ನೋಟಿಸ್ ಗೇಟಿಗೆ ಅಂಟಿಸಿ ಪೇಪರಲ್ಲಿ ಹಾಕಿದಾಗ ಮರ್ಯಾದೆ ಹೋಯ್ತು ಅಂತ ಓಡಿ ಬರ್ತಾರೆ. ಆಗ ಮಡಿಕೇರಿ ಸಿವಿಲ್ ಕೋರ್ಟಲ್ಲಿ ಸ್ಟೇ ಕೊಡಿಸಿ ಅಂತ ಕೇಳಿದ್ರೆ ಸೆಕ್ಷನ್ 34 ಅಡ್ಡ ಉಂಟು, ಸಿವಿಲ್ ಕೋರ್ಟಿಗೆ ಅಧಿಕಾರ ಇಲ್ಲ. 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಿ ಟ್ರಿಬ್ಯೂನಲ್ ಡಿಆರ್‌ಟಿಗೆ ಹೋಗ್ಬೇಕು. ಅಲ್ಲಿ ಸೋತ್ರೆ ಅಪೀಲಿಗೆ ಚೆನ್ನೈ ಡಿಆರ್‌ಎಟಿ, ಅಲ್ಲಿ ಸಾಲದ ಅರ್ಧ ಹಣ ಮೊದಲೇ ಕಟ್ಟಬೇಕು, ಕಡಿಮೆ ಮಾಡಿದ್ರೂ ಕಾಲು ಭಾಗಕ್ಕಿಂತ ಕೆಳಗೆ ಬರುವುದಿಲ್ಲ.

ಇದರಲ್ಲಿ ಕೊಡಗಿನದ್ದೇ ಒಂದು ಗಂಟು ಉಂಟು. 31(ಐ) ಪ್ರಕಾರ ಕೃಷಿ ಜಮೀನಿನ ಮೇಲೆ ಸರ್ಫೇಸಿ ನಡೆಯುವುದಿಲ್ಲ. ಹಾಗಾದ್ರೆ ಕಾಫಿ ತೋಟ ಕೃಷಿ ಜಮೀನಾ? ನಮಗೆ ಕೇಳಿದ್ರೆ ಇದೂ ಒಂದು ಪ್ರಶ್ನೆಯಾ ಅಂತೇವೆ. ಬ್ಯಾಂಕಿನ ವಕೀಲರು ಕರ್ನಾಟಕ ಭೂಸುಧಾರಣೆ ಕಾಯ್ದೆ ತೆಗೆದು ಅದರಲ್ಲಿ ಕಾಫಿ, ಟೀ, ಏಲಕ್ಕಿ, ಮೆಣಸು, ರಬ್ಬರ್ ಇವನ್ನೆಲ್ಲ ಪ್ಲಾಂಟೇಶನ್ ಬೆಳೆ ಅಂತ ಬೇರೆ ಇಟ್ಟಿದ್ದಾರೆ ನೋಡಿ, ಭೂಮಿತಿ ವಿನಾಯಿತಿ ಬೇಕಾದಾಗ ಪ್ಲಾಂಟೇಶನ್, ಸಾಲ ವಸೂಲಿಗೆ ಬಂದಾಗ ಕೃಷಿಯಾ ಅಂತ ಕೇಳ್ತಾರೆ. ವಾದ ಚುಚ್ಚುತ್ತೆ, ಸುಳ್ಳು ಹೇಳುವುದು ಯಾಕೆ. 2018ರಲ್ಲಿ ಇಂಡಿಯನ್ ಬ್ಯಾಂಕ್ ಮತ್ತು ಪಾಪಿರೆಡ್ಡಿಯಾರ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಜಮೀನು ಕೃಷಿಯದ್ದಾ ಅಲ್ವಾ ಅನ್ನುವುದು ಆಯಾ ಕೇಸಿನ ಸಂಗತಿ ಮೇಲೆ ನಿರ್ಧಾರ ಆಗ್ಬೇಕು, ಬರೀ ರೆವಿನ್ಯೂ ದಾಖಲೆ ನೋಡಿ ಅಲ್ಲ, ಜಾಗ ನಿಜಕ್ಕೂ ಎಂಥಕ್ಕೆ ಬಳಕೆ ಆಗ್ತಾ ಉಂಟು, ಸಾಲ ಕೊಡುವಾಗ ಎರಡು ಕಡೆಯವರು ಅದನ್ನು ಏನಂತ ಒಪ್ಪಿದ್ರು ಅದೆಲ್ಲ ನೋಡ್ಬೇಕು ಅಂತ. ಹಾಗಾಗಿ ತೋಟದ ನಡುವೆ ಹೋಂಸ್ಟೇ ಕಟ್ಟಿ ಒಂದಷ್ಟು ಸೆಂಟ್ ಕನ್ವರ್ಷನ್ ಮಾಡಿಸಿ ಅದನ್ನೂ ಸೇರಿಸಿ ಅಡವಿಟ್ಟವರ ಕೇಸು ಒಂದು ಥರ, ಬರೀ ತೋಟ ಇಟ್ಟವರದ್ದು ಇನ್ನೊಂದು ಥರ. ಸರ್ಫೇಸಿಯಿಂದ ಕಾಫಿ ತೋಟ ಕೈಬಿಡಿ ಅಂತ ಬೆಳೆಗಾರರ ಸಂಘಗಳು ಸರ್ಕಾರಕ್ಕೆ ಮನವಿ ಕೊಡ್ತಾನೇ ಬಂದಿದ್ದಾವೆ.

ಇದರ ಮೇಲೆ ಜಮ್ಮಾ, ಅಂದ್ರೆ ಮನೆತನಕ್ಕೆ ಸೇರಿದ ಕೊಡಗಿನ ಹಳೇ ಜಮೀನು ಹಕ್ಕು. ದಾಖಲೆಯಲ್ಲಿ ಹೆಸರಿರುವ ಪಟ್ಟೆದಾರ ಒಬ್ಬ, ಒಕ್ಕದಲ್ಲಿ (ಮನೆತನದಲ್ಲಿ) ಹಕ್ಕಿರೋರು ಸುಮಾರು ಜನ, ಅಡಮಾನ ಪತ್ರಕ್ಕೆ ಸೈನ್ ಹಾಕಿದ್ದು ಅದರಲ್ಲಿ ಯಾರ್ಯಾರು ಅಂತ ನೋಡಿದ್ರೆ ಅಲ್ಲೇ ಒಂದು ಕೇಸು ಹುಟ್ಟುತ್ತೆ. ಬೆಂಗಳೂರಿನ ದೊಡ್ಡ ಫರ್ಮಿನವರಿಗೆ ಇದು ಅರ್ಥ ಮಾಡಿಸುವಷ್ಟರಲ್ಲಿ ನಮ್ಮ ಗಂಟಲು ಒಣಗುತ್ತೆ.

ಎರಡನೇದು, ಯಾರಿಗೂ ನೆನಪಿಲ್ಲದ ಕಾಯ್ದೆ. ಐಬಿಸಿಯ ಮೂರನೇ ಭಾಗ ಮಾಮೂಲಿ ಮನುಷ್ಯರಿಗೆ ಮತ್ತು ಪಾಲುದಾರಿಕೆ ಸಂಸ್ಥೆಗಳಿಗೆ ಇನ್ನೂ ಜಾರಿ ಆಗಿಲ್ಲ, ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ 2019ರ ಡಿಸೆಂಬರ್ 1ರಿಂದ ಜಾರಿ ಉಂಟು. ಹಳೇ ಕಾಯ್ದೆ ರದ್ದು ಮಾಡುವ ಸೆಕ್ಷನ್ 243 ಪುಸ್ತಕದಲ್ಲಿ ಹಾಗೇ ಕೂತಿದೆ. ಆದ್ದರಿಂದ ನಮ್ಮ ಕಡೆ ಒಬ್ಬ ಅಂಗಡಿಯವ ದಿವಾಳಿ ಅಂತ ಘೋಷಿಸಿ ಅಂದ್ರೆ 1920ರ ಪ್ರಾವಿನ್ಷಿಯಲ್ ಇನ್‌ಸಾಲ್ವೆನ್ಸಿ ಆಕ್ಟ್ ಕೆಳಗೆ ಜಿಲ್ಲಾ ಕೋರ್ಟ್ ಕಡೆ ಬರ್ಬೇಕು. ಸಾಲ 500 ರೂಪಾಯಿ ಇದ್ರೂ ಅರ್ಜಿ ಹಾಕಬಹುದು ಅನ್ನುವ ಮಾತು ಅದರಲ್ಲಿ ಇವತ್ತಿಗೂ ಉಂಟು! ಐಬಿಸಿಯಲ್ಲಿ ಬಡವರಿಗೆ ಅಂತ ಫ್ರೆಶ್ ಸ್ಟಾರ್ಟ್ ಅಂತ ಒಂದು ಅಧ್ಯಾಯ ಬರೆದಿದ್ದಾರೆ, ವರ್ಷದ ಆದಾಯ 60,000 ಮೀರಬಾರದು, ಸಾಲ 35,000 ಮೀರಬಾರದು, ಸ್ವಂತ ಮನೆ ಇರಬಾರದು. ಅದೂ ಜಾರಿಗೆ ಬಂದಿಲ್ಲ. ಲೈನ್ ಮನೆಯ ತೋಟದ ಕಾರ್ಮಿಕರು ಕೈಸಾಲ, ಸಂಘದ ಸಾಲದಲ್ಲಿ ಒದ್ದಾಡುವುದು ನೋಡಿದ್ರೆ ಅದು ಬಂದಿದ್ರೆ ಒಳ್ಳೇದಿತ್ತು ಅನ್ಸುತ್ತೆ.

ನಿಮ್ಮ ಅಪ್ಪ ಹೇಳಿದ್ದು ಪೂರ್ತಿ ತಪ್ಪಲ್ಲ ತಂಗಿ. ಜಾಗದ ಕೇಸ್ ಗೊತ್ತಿಲ್ಲದ ದಿವಾಳಿ ವಕೀಲ ಕೊಡಗಲ್ಲಿ ಎಂಥದ್ದಕ್ಕೂ ಇಲ್ಲ.

ಸಿದ್ದಾಪುರ_ಬೆಳೆಗಾರ:

ಮಧ್ಯೆ ಬಾಯಿ ಹಾಕ್ತೇನೆ ಕ್ಷಮಿಸಿ. ಇಷ್ಟು ವಕೀಲರು ಒಂದೇ ಕಡೆ ಸಿಕ್ಕಿದ್ದು ನೋಡಿ ಕೇಳ್ತಾ ಇದ್ದೇನೆ. ನಾವು ರೋಬಸ್ಟಾ ಚೆರಿ ಒಬ್ಬರು ವ್ಯಾಪಾರಿಗೆ ಹಾಕ್ತಾ ಇದ್ವಿ, ವರ್ಷಗಟ್ಟಲೆ ಪರಿಚಯ. ಕಳೆದ ಸಲ ರೇಟ್ ಇನ್ನೂ ಏರುತ್ತೆ ಅಂತ ರೇಟ್ ಕಟ್ ಮಾಡದೆ, ಅಂದ್ರೆ ನಿಗದಿ ಮಾಡದೆ, ಅವರ ಗೋಡೌನಲ್ಲೇ ಮೂಟೆ ಇಟ್ಟೆವು, ಬೇಕಾದಾಗ ಆ ದಿನದ ರೇಟಿಗೆ ದುಡ್ಡು ತಗೊಳ್ಳುವುದು ಅಂತ ಮಾತು, ಇಲ್ಲಿ ಎಲ್ಲರೂ ಮಾಡೋದೇ ಹಾಗೆ. ಈಗ ಫೋನ್ ತೆಗೀತಿಲ್ಲ. ಗೋಡೌನಿಗೆ ಹೋದ್ರೆ ಬೀಗ. ಆಮೇಲೆ ಗೊತ್ತಾಯ್ತು ಅವರದ್ದು ಪ್ರೈವೇಟ್ ಲಿಮಿಟೆಡ್ ಕಂಪನಿಯಂತೆ, ಬ್ಯಾಂಕಿನವರು ಕೇಸ್ ಹಾಕಿ ಯಾರೋ ಒಬ್ಬರನ್ನ ನೇಮಕ ಮಾಡಿದ್ದಾರಂತೆ, ಪೇಪರಲ್ಲಿ ಪ್ರಕಟಣೆ ಬಂದಿದೆಯಂತೆ. ನಮ್ಮಂಥ ಸುಮಾರು ಜನ ಇದ್ದೇವೆ. ಎಲ್ಲ ಸೇರಿ ಒಂದು ಕೇಸ್ ಹಾಕ್ಬಹುದಾ? ಒಂದು ಚೆಕ್ ಕೂಡ ಕೊಟ್ಟಿದ್ರು, ಬೌನ್ಸ್ ಆಗಿದೆ.

ಕುಶಾಲನಗರ_ಸಿಎ:

@ಸಿದ್ದಾಪುರ_ಬೆಳೆಗಾರ ಸರ್, ನಾನು ಸಿಎ, ಇನ್‌ಸಾಲ್ವೆನ್ಸಿ ಪ್ರೊಫೆಷನಲ್ ರಿಜಿಸ್ಟ್ರೇಷನ್ ಕೂಡ ಇದೆ. ಮೊದ್ಲು ಒಂದು ಮಾತು, ಹೊಸ ಕೇಸ್ ಹಾಕೋಕೆ ಹೋಗಬೇಡಿ. ಬ್ಯಾಂಕ್ ಹಾಕಿದ ಅರ್ಜಿ ಅಡ್ಮಿಟ್ ಆಗಿ ಪ್ರಕಟಣೆ ಬಂದಿದೆ ಅಂದ್ರೆ ಮೊರಟೋರಿಯಂ ಶುರು, ಆ ಕಂಪನಿ ಮೇಲೆ ಯಾವ ದಾವೆನೂ ನಡೆಯಲ್ಲ. ನೀವು ಮಾಡ್ಬೇಕಾದ್ದು ಆ ನೇಮಕ ಆದವರಿಗೆ ಕ್ಲೇಮ್ ಕಳಿಸೋದು. ಫಾರ್ಮ್ ಬಿ ಅಂತ ಇದೆ, ಕೋರ್ಟ್ ಫೀ ಇಲ್ಲ, ಇಮೇಲಲ್ಲೂ ಕಳಿಸ್ಬಹುದು. ಪ್ರಕಟಣೆಲಿ ಕೊಟ್ಟಿರೋ ಕೊನೇ ತಾರೀಖು ದಾಟಿದ್ರೂ ಪ್ರಕ್ರಿಯೆ ಶುರುವಾದ ದಿನದಿಂದ 90 ದಿನದವರೆಗೆ ಕಳಿಸೋಕೆ ಅವಕಾಶ ಇದೆ, ತಡ ಆಗಿದ್ದಕ್ಕೆ ಕಾರಣ ಬರೀರಿ. ಕಳಿಸದೆ ಸುಮ್ಮನಿದ್ರೆ, ನಾಳೆ ಯಾರೋ ಆ ಕಂಪನಿ ತಗೊಂಡು ಪ್ಲಾನ್ ಅಪ್ರೂವ್ ಆದ್ಮೇಲೆ ಪ್ಲಾನಲ್ಲಿ ಇಲ್ಲದ ಬಾಕಿ ಎಲ್ಲ ಅಳಿಸಿ ಹೋಗುತ್ತೆ, 2021ರ ಘನಶ್ಯಾಮ್ ಮಿಶ್ರಾ ಜಡ್ಜ್‌ಮೆಂಟ್ ಇದನ್ನ ಸ್ಪಷ್ಟವಾಗಿ ಹೇಳಿದೆ.

ಈಗ ಮುಖ್ಯವಾದ್ದು. ನಿಮ್ಮ ಕಾಫಿ ನೀವು ಮಾರಿದ್ರಾ, ಇಲ್ಲ ಇಟ್ಟಿದ್ರಾ? ಮಾರಿದ್ರೆ ನೀವು ಆಪರೇಷನಲ್ ಕ್ರೆಡಿಟರ್, ಸಾಲ ಕೊಟ್ಟವರ ಕಮಿಟಿಲಿ ವೋಟ್ ಇಲ್ಲ, ಲಿಕ್ವಿಡೇಷನ್ (ಕಂಪನಿ ಮುಚ್ಚಿ ಆಸ್ತಿ ಮಾರೋದು) ಆದ್ರೆ ಸಿಗೋದು ಅಡವಿಟ್ಟುಕೊಂಡ ಬ್ಯಾಂಕು, ಕಾರ್ಮಿಕರು, ಉಳಿದ ಸಾಲದವರು, ಸರ್ಕಾರ ಎಲ್ಲ ಆದ್ಮೇಲೆ ಉಳಿದಿದ್ರೆ, ಸಾಮಾನ್ಯವಾಗಿ ಉಳಿಯಲ್ಲ. ಆದ್ರೆ ರೇಟ್ ಕಟ್ ಆಗದೆ ಬರೀ ಇಟ್ಟಿದ್ದು ಅಂತ ಚೀಟಿಲಿ ಇದ್ರೆ ಮಾಲು ಇನ್ನೂ ನಿಮ್ಮದೇ ಅಂತ ವಾದ ಮಾಡೋಕೆ ಜಾಗ ಇದೆ. ಸೆಕ್ಷನ್ 18ರ ವಿವರಣೆಲಿ ಬೇರೆಯವರ ಆಸ್ತಿ ಬೇಲ್‌ಮೆಂಟ್ ಮೇಲೆ, ಅಂದ್ರೆ ಬರೀ ಇಟ್ಟುಕೊಳ್ಳೋಕೆ ಕೊಟ್ಟಿದ್ದು, ಕಂಪನಿ ಹತ್ರ ಇದ್ರೆ ಅದು ಕಂಪನಿ ಆಸ್ತಿಗೆ ಸೇರಲ್ಲ ಅಂತಿದೆ. ಹಾಗಾದ್ರೆ ನೀವು ಕೇಳ್ಬೇಕಿರೋದು ದುಡ್ಡಲ್ಲ, ಮೂಟೆ. ತೊಂದರೆ ಏನಪ್ಪಾ ಅಂದ್ರೆ ನಿಮ್ಮ ಚೆರಿ ಬೇರೆಯವರದ್ದರ ಜೊತೆ ಮಿಕ್ಸ್ ಆಗಿ ಕ್ಯೂರಿಂಗಿಗೆ ಹೋಗಿದ್ರೆ ಯಾವ ಮೂಟೆ ಯಾರದ್ದು ಅಂತ ಹೇಳೋದು ಹೇಗೆ? ಬೇಕಾದಾಗ ಆ ದಿನದ ರೇಟು ಅಂತ ಮಾತಾಗಿದ್ರಿಂದ ಅದು ಮಾರಾಟನೇ, ರೇಟ್ ಮಾತ್ರ ಆಮೇಲೆ ಅಂತಾನೂ ಅವರು ವಾದಿಸ್ತಾರೆ. ಅದಕ್ಕೇ ಚೀಟಿಲಿ ಬರೆದಿರೋ ಒಂದೊಂದು ಪದನೂ ಮುಖ್ಯ. ಎರಡನ್ನೂ ಕೇಳಿ, ಮೊದ್ಲು ಮಾಲು ನಮ್ಮದು ಅಂತ ಪತ್ರ, ಅದು ಆಗಲ್ಲ ಅಂದ್ರೆ ದುಡ್ಡಿಗೆ ಕ್ಲೇಮ್. ವಕೀಲರ ಹತ್ರ ಬರೆಸಿ, ಫಾರ್ಮ್ ತುಂಬುವಾಗ ಮಾರಿದ್ದೀನಿ ಅಂತ ನೀವೇ ಬರೆದ್ಬಿಟ್ರೆ ಆಮೇಲೆ ಹಿಂದೆ ಬರೋಕಾಗಲ್ಲ.

ಎಲ್ಲ ಸೇರಿ ಒಂದೇ ಕೇಸ್ ಅಂತ ಕೇಳಿದ್ರಿ. ಆಪರೇಷನಲ್ ಕ್ರೆಡಿಟರ್‌ಗಳು ಒಟ್ಟಾಗಿ ಒಂದೇ ಸೆಕ್ಷನ್ 9 ಅರ್ಜಿ ಹಾಕೋಕೆ ಆಗಲ್ಲ, ಕಾರ್ಮಿಕ ಸಂಘಕ್ಕೆ ಮಾತ್ರ 2019ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ಅಲ್ದೆ 2020ರ ಮಾರ್ಚ್ 24ರಿಂದ ಬಾಕಿ ಒಂದು ಕೋಟಿ ಇರ್ಬೇಕು, ಅದಕ್ಕೆ ಮುಂಚೆ ಒಂದು ಲಕ್ಷ ಇತ್ತು. ಆ ಒಂದು ನೋಟಿಫಿಕೇಷನ್ ಬಂದ ದಿನ ನಮ್ಮ ಜಿಲ್ಲೆಯ ಸಣ್ಣ ಸಪ್ಲೈಯರ್‌ಗಳಿಗೆಲ್ಲ ಎನ್‌ಸಿಎಲ್‌ಟಿ ಬಾಗಿಲು ಮುಚ್ಚಿದ ಹಾಗಾಯ್ತು, ಇದು ನನ್ನ ಅಭಿಪ್ರಾಯ, ಬ್ಯಾಂಕಿನವರು ಒಪ್ಪಲ್ಲ.

@ಕಿಗ್ಗಟ್ಟುನಾಡು, ನಿಮ್ಮ ಪರೀಕ್ಷೆ ಪ್ರಶ್ನೆ. ಲಿಮಿಟೆಡ್ ಇನ್‌ಸಾಲ್ವೆನ್ಸಿ ಎಕ್ಸಾಮ್ ಪಾಸಾದ್ರೂ ವಕೀಲರಾಗಿ ಹತ್ತು ವರ್ಷ ಅನುಭವ ಇಲ್ದೆ ರಿಜಿಸ್ಟ್ರೇಷನ್ ಸಿಗಲ್ಲ. ಬೇಗ ಬೇಕಂದ್ರೆ ಮಾನೇಸರ್‌ನ ಐಐಸಿಎ ಸಂಸ್ಥೆಲಿ ಗ್ರಾಜುಯೇಟ್ ಇನ್‌ಸಾಲ್ವೆನ್ಸಿ ಪ್ರೋಗ್ರಾಂ ಇದೆ, 2019ರಿಂದ ನಡೀತಿದೆ, ಖರ್ಚಿನದ್ದು. ಐಪಿ ಆದ್ರೆ ಆದಾಯ ಪರವಾಗಿಲ್ಲ, 50 ಕೋಟಿವರೆಗೆ ಕ್ಲೇಮ್ ಇರೋ ಕಂಪನಿಗೆ ತಿಂಗಳಿಗೆ ಕನಿಷ್ಠ ಒಂದು ಲಕ್ಷ ಫೀ ಅಂತ 2022ರಲ್ಲಿ ದಿವಾಳಿ ನಿಯಂತ್ರಣ ಮಂಡಳಿ ಐಬಿಬಿಐ ನಿಗದಿ ಮಾಡಿದೆ. ಆದ್ರೆ ಅದು ವಕೀಲಿಕೆ ಅಲ್ಲ ಕಣಮ್ಮ, ಮುಳುಗಿದ ಕಂಪನಿನ ನೀವೇ ನಡೆಸ್ಬೇಕು. ಕರೆಂಟ್ ಬಿಲ್, ಸೆಕ್ಯುರಿಟಿ ಗಾರ್ಡ್ ಸಂಬಳ, ಪಾಸ್‌ವರ್ಡ್ ಕೊಡದ ಹಳೇ ಡೈರೆಕ್ಟರು, ಬಾಗಿಲಲ್ಲಿ ನಿಂತು ಬೈಯ್ಯೋ ಕೆಲಸಗಾರರು. ಜೊತೆಗೆ ಐಬಿಬಿಐ ನಿಮ್ಮ ಮೇಲೇ ಶಿಸ್ತುಕ್ರಮ ತಗೋಬಹುದು. ಈಗ ಆ ಚಿಂತೆ ಬಿಡಿ, ಅಕೌಂಟ್ಸ್ ಕಲೀರಿ. ಕ್ಯಾಷ್ ಫ್ಲೋ ಸ್ಟೇಟ್‌ಮೆಂಟ್ ಓದೋಕೆ ಬರೋ ವಕೀಲರು ಕಮ್ಮಿ, ಅಂಥವರನ್ನ ನಾವೇ ಹುಡುಕ್ಕೊಂಡು ಹೋಗ್ತೀವಿ.

ಬಿಟ್ಟು_ಬಂದವನು:

ನಾನು ಈ ಪ್ರಾಕ್ಟೀಸ್ ಬಿಟ್ಟು ಈಗ ಗೋಣಿಕೊಪ್ಪದಲ್ಲಿ ಬೇರೆ ಕೆಲಸ ಮಾಡ್ತಿದೀನಿ ಅದಕ್ಕೆ ಹೇಳ್ತೀನಿ, ಈ ಫೀಲ್ಡಿನ ಬಗ್ಗೆ ಕಾಲೇಜಲ್ಲಿ ಹೇಳೋ ಕಂಪನಿ ಉಳಿಸೋದು ಅನ್ನೋ ಮಾತು ಪೂರ್ತಿ ನಂಬಬೇಡಿ. ಜೆಟ್ ಏರ್‌ವೇಸ್ ನೋಡಿ, 2019ರಲ್ಲಿ ಎನ್‌ಸಿಎಲ್‌ಟಿಗೆ ಬಂತು, ಪ್ಲಾನ್ ಅಪ್ರೂವ್ ಆಯ್ತು, ಕೊನೆಗೆ 2024ರ ನವೆಂಬರಲ್ಲಿ ಸುಪ್ರೀಂ ಕೋರ್ಟೇ ಲಿಕ್ವಿಡೇಷನ್ ಮಾಡಿ ಅಂತು. ಐದು ವರ್ಷ ಅಷ್ಟೂ ಕಡೆ ವಕೀಲರಿಗೆ ಕೆಲಸ ಇತ್ತು, ಸಂಬಳ ಬರ್ಬೇಕಿದ್ದವರು ಕಾಯ್ತಾ ಕೂತಿದ್ರು. ನಂಗೆ ಅದು ನಿದ್ದೆ ಕೆಡಿಸ್ತಿತ್ತು. ಎಲ್ರಿಗೂ ಹಾಗೇ ಅನ್ಸಬೇಕು ಅಂತಿಲ್ಲ.

ಸೋಮವಾರಪೇಟೆ_ಟು_ಎಂಜಿ_ರೋಡ್:

@ಬಿಟ್ಟು_ಬಂದವನು ಜೆಟ್ ಒಂದೇ ಉದಾಹರಣೆ ಅಲ್ಲ ಮಾರಾಯ, ಎಸ್ಸಾರ್ ಸ್ಟೀಲ್ ಬೇರೆ ಹೆಸರಲ್ಲಿ ಇವತ್ತಿಗೂ ನಡೀತಿದೆ. ಆದ್ರೂ ನಿಮ್ಮ ಮಾತು ತಳ್ಳಿಹಾಕಲ್ಲ, ಕೆಲಸಗಾರರ ಕಡೆಯಿಂದ ವಾದ ಮಾಡೋರು ಇಲ್ಲಿನ ವಕೀಲರಲ್ಲಿ ಬೆರಳೆಣಿಕೆ.

ಕಿಗ್ಗಟ್ಟುನಾಡು_ಎಲ್‌ಎಲ್‌ಬಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಉತ್ತರ ಬರುತ್ತೆ ಅನ್ಕೊಂಡಿರ್ಲಿಲ್ಲ. @ಮಡಿಕೇರಿ_ಬಾರ್ ಸರ್, ಜಾಮೀನು ನಿಂತವರಿಗೆ ಜಾರಿ ಇದೆ ಅಂದ್ರಲ್ಲ, ಅದು ನಮ್ಮ ಕಡೆ ಬರುತ್ತಾ? ಯಾಕಂದ್ರೆ ನಮ್ಮ ಸಂಬಂಧಿಕರಲ್ಲೇ ಮಗ ಬೆಂಗಳೂರಲ್ಲಿ ಕಂಪನಿ ಮಾಡೋವಾಗ ಅಪ್ಪ ತೋಟದ ಪೇಪರ್ ಕೊಟ್ಟು ಸೈನ್ ಹಾಕಿದ್ದು ನಂಗೆ ಗೊತ್ತು. ಮತ್ತೆ ಕೊಡಗಲ್ಲೇ ಕೂತು ಮಾಡೋಕೆ ಆಗುತ್ತಾ ಅನ್ನೋದಕ್ಕೆ ಯಾರೂ ನೇರ ಉತ್ತರ ಕೊಟ್ಟಿಲ್ಲ 🙂

ಮಡಿಕೇರಿ_ಬಾರ್:

ಬರುತ್ತೆ, ಬರ್ತಾನೂ ಉಂಟು, ಕೊಡಗಿಗೂ ಎನ್‌ಸಿಎಲ್‌ಟಿಗೂ ಸಂಬಂಧ ಬೀಳುವುದೇ ಅಲ್ಲಿ. ಮಗನ ಕಂಪನಿ ಅಡ್ಮಿಟ್ ಆದ್ರೆ ಮೊರಟೋರಿಯಂ ಕಂಪನಿಗೆ ಮಾತ್ರ, ಜಾಮೀನು ಹಾಕಿದ ಅಪ್ಪನಿಗೆ ಇಲ್ಲ, 2018ರಲ್ಲಿ ರಾಮಕೃಷ್ಣನ್ ಕೇಸಲ್ಲೇ ತೀರ್ಮಾನ ಆಗಿದೆ. ಕಂಪನಿಯ ಪ್ಲಾನ್ ಪಾಸಾದ್ರೂ ಜಾಮೀನುದಾರ ಅಷ್ಟಕ್ಕೇ ಬಚಾವಾಗುವುದಿಲ್ಲ ಅಂತ 2021ರ ಲಲಿತ್ ಕುಮಾರ್ ಜೈನ್ ತೀರ್ಪು. ಬ್ಯಾಂಕಿನವರು ಸೆಕ್ಷನ್ 95ರಲ್ಲಿ ಅಪ್ಪನ ಮೇಲೆ ಅರ್ಜಿ ಹಾಕಬಹುದು, ಇಲ್ಲ ಅಪ್ಪನೇ 94ರಲ್ಲಿ ಹಾಕಿಕೊಳ್ಳಬಹುದು, ಹಾಕಿದ ಕೂಡಲೇ 96ರ ಮಧ್ಯಂತರ ಮೊರಟೋರಿಯಂ ಬೀಳುತ್ತೆ. ತೋಟದ ಹರಾಜು ನಿಲ್ಲಿಸಲಿಕ್ಕೆ ಮಾತ್ರ ಅಂತ 94 ಹಾಕುವವರೂ ಇದ್ದಾರೆ, ಟ್ರಿಬ್ಯೂನಲ್‌ನವರಿಗೂ ಅದು ಗೊತ್ತು, ಸುಮ್ಮನೆ ಬಿಡುವುದಿಲ್ಲ. ಆಮೇಲೆ ಮರುಪಾವತಿ ಪ್ಲಾನ್ ಮಾಡಿ ಸಾಲದ ಮೊತ್ತದಲ್ಲಿ ಮುಕ್ಕಾಲು ಭಾಗದವರು ಒಪ್ಪಿದ್ರೆ ನಡೀತದೆ. ಅಲ್ಲಿ ತೋಟದ ಆರ್‌ಟಿಸಿ, ಜಮ್ಮಾ ಹಕ್ಕು, ಕಾಫಿ ಮೆಣಸಿನ ವರ್ಷದ ವರಮಾನ ಎಲ್ಲ ಗೊತ್ತಿರುವ ವಕೀಲರು ಬೇಕು. ಬೆಂಗಳೂರಿನವರು ನಮಗೆ ಫೋನ್ ಮಾಡುವುದು ಆಗಲೇ.

ನಿಮ್ಮ ನೇರ ಪ್ರಶ್ನೆಗೆ ನೇರ ಉತ್ತರ, ಬರೀ ಐಬಿಸಿ ಮಾಡ್ತೇನೆ ಅಂತ ಮಡಿಕೇರಿಯಲ್ಲಿ ಬೋರ್ಡ್ ಹಾಕಿದ್ರೆ ಉಪವಾಸ. ಸಿವಿಲ್, ಚೆಕ್ ಬೌನ್ಸ್, ಸರ್ಫೇಸಿ, ಜೊತೆಗೆ ಇದು ಅಂದ್ರೆ ನಡೀತದೆ, ಇದನ್ನು ಸರಿಯಾಗಿ ಬಲ್ಲವರು ಇಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಸೋಮವಾರಪೇಟೆ_ಟು_ಎಂಜಿ_ರೋಡ್:

ಅದಕ್ಕೆ ಸೇರಿಸಿ, ಕೋವಿಡ್ ಆದ್ಮೇಲೆ ಎನ್‌ಸಿಎಲ್‌ಟಿಲಿ ವಿಡಿಯೋ ಹಿಯರಿಂಗ್ ಬಂದಿದೆ, ಫೈಲಿಂಗ್ ಆನ್‌ಲೈನ್, ಕ್ರೆಡಿಟರ್ ಕಮಿಟಿ ಮೀಟಿಂಗೂ ವಿಡಿಯೋದಲ್ಲಿ ನಡೀತವೆ. ಮಾಮೂಲಿ ತಾರೀಖಿಗೆ ಪೊನ್ನಂಪೇಟೆಯಿಂದ್ಲೇ ಹಾಜರಾಗಬಹುದು, ಫೈನಲ್ ವಾದಕ್ಕೆ ಮಾತ್ರ ಬಂದ್ಬಿಡಿ, ಎದುರಿಗೆ ನಿಂತು ಮಾತಾಡೋ ತೂಕ ಸ್ಕ್ರೀನಲ್ಲಿ ಬರಲ್ಲ. ಜೂನ್ ಜುಲೈಲಿ ನಿಮ್ಮ ಕಡೆ ಮರ ಬಿದ್ದು ಮೂರು ದಿನ ಕರೆಂಟ್ ಇರಲ್ವಲ್ಲ, ಅದಕ್ಕೆ ಇನ್ವರ್ಟರ್, ಎರಡು ಕಂಪನಿಯ ಸಿಮ್, ಅದೂ ಕೈಕೊಟ್ರೆ ಅಂತ ಬೆಂಗಳೂರಲ್ಲಿ ಒಬ್ಬ ಫ್ರೆಂಡ್, ಪಾಸ್ ಓವರ್ (ಸ್ವಲ್ಪ ಹೊತ್ತು ಬಿಟ್ಟು ಕರೀರಿ ಅಂತ) ಕೇಳೋಕೆ. ಹೆಸರು ಕರೆದಾಗ ಸ್ಕ್ರೀನ್ ಮೇಲೆ ಯಾರೂ ಇಲ್ಲ ಅಂದ್ರೆ ಗೈರುಹಾಜರಿಗೆ ಅರ್ಜಿ ವಜಾ ಆಗ್ಬಹುದು.

ಮೊದ್ಲು ಬಾರ್ ಕೌನ್ಸಿಲಲ್ಲಿ ವಕೀಲರಾಗಿ ಎನ್‌ರೋಲ್ ಆಗಿ. ಎನ್‌ರೋಲ್‌ಮೆಂಟ್ ಫೀ ಜನರಲ್‌ನವರಿಗೆ 750, ಎಸ್‌ಸಿ ಎಸ್‌ಟಿಯವರಿಗೆ 125 ಮೀರಬಾರದು ಅಂತ 2024ರ ಜುಲೈಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದರ ಮೇಲೆ ಯಾರಾದ್ರೂ ಕೇಳಿದ್ರೆ ರಸೀದಿ ಕೇಳಿ. ವಕೀಲರ ಅರ್ಹತಾ ಪರೀಕ್ಷೆ ಎಐಬಿಇ ಪಾಸ್ ಮಾಡ್ಕೊಳ್ಳಿ, ಮೂರ್ನಾಲ್ಕು ವರ್ಷ ಇಲ್ಲಿ ಬ್ಯಾಂಕ್ ಕಡೆನೂ ಸಾಲಗಾರನ ಕಡೆನೂ ಕೆಲಸ ಮಾಡೋ ಚೇಂಬರ್ ನೋಡಿ ಸೇರಿ. ಒಂದೇ ಕಡೆ ಮಾಡೋ ಚೇಂಬರಲ್ಲಿ ಕಣ್ಣು ಒಂದೇ ಬದಿಗೆ ಅಭ್ಯಾಸ ಆಗಿಬಿಡುತ್ತೆ. ಊರಿಗೆ ಹೋದ್ಮೇಲೂ ಆ ಚೇಂಬರ್ ಸಂಬಂಧ ಬಿಡಬೇಡಿ, ಕೇಸ್ ಬರೋದು ಅಲ್ಲಿಂದ್ಲೇ.

ಸಿದ್ದಾಪುರ_ಬೆಳೆಗಾರ:

ಸಿಎ ಸರ್ ಹೇಳಿದ ಮೇಲೆ ಚೀಟಿ ತೆಗೆದು ನೋಡಿದೆ. ಮೂಟೆ ಎಷ್ಟು, ತೂಕ ಎಷ್ಟು, ಓಟಿ (ಚೆರಿಯಲ್ಲಿ ಬೀಜದ ಪ್ರಮಾಣ) ಎಷ್ಟು ಅಂತ ಉಂಟು, ರೇಟ್ ಕಾಲಂ ಖಾಲಿ. ಕೆಳಗೆ ಕೈಯಲ್ಲಿ ರೇಟ್ ಬಾಕಿ ಅಂತ ಬರೆದಿದ್ದಾರೆ. ನಮ್ಮ ರೈಟರ್ ಪುಸ್ತಕದಲ್ಲೂ ಲೋಡ್ ಹೋದ ದಿನ, ಪಿಕಪ್ ನಂಬರ್ ಎಲ್ಲ ಉಂಟು. ಇದು ಇಟ್ಟಿದ್ದಾ ಮಾರಿದ್ದಾ? ಚೆಕ್ ಬಗ್ಗೆ ಯಾರೂ ಹೇಳ್ಲಿಲ್ಲ.

ಮಡಿಕೇರಿ_ಬಾರ್:

ರೇಟ್ ಬಾಕಿ ಅನ್ನುವ ಎರಡು ಪದವನ್ನು ಇಬ್ಬರೂ ಅವರವರ ಕಡೆಗೆ ಎಳೆಯಬಹುದು ಅಣ್ಣ, ಆದ್ರೆ ರೇಟ್ ಕಾಲಂ ಖಾಲಿ ಇರುವುದು ನಿಮಗೆ ಒಳ್ಳೇದೇ. ಆ ಚೀಟಿಗೆ ಲ್ಯಾಮಿನೇಷನ್ ಮಾಡಿಸ್ಬೇಡಿ, ಫೋಟೋ ತೆಗೆದಿಡಿ. ಬೇರೆ ಬೆಳೆಗಾರರ ಚೀಟಿನೂ ಹೀಗೇ ಉಂಟಾ ನೋಡಿ, ಎಲ್ಲರದ್ದೂ ಒಂದೇ ಥರ ಇದ್ರೆ ಅವರು ವ್ಯವಹಾರ ಮಾಡ್ತಿದ್ದದ್ದೇ ಹಾಗೆ ಅಂತ ತೋರಿಸಬಹುದು. ಚೆಕ್ ಯಾವ ಲೆಕ್ಕಕ್ಕೆ ಕೊಟ್ಟದ್ದು ಅಂತ ಕೂಡ ನೆನಪು ಮಾಡಿ, ಇದೇ ಕಾಫಿಗೆ ಕೊಟ್ಟದ್ದು ಅಂತಾದ್ರೆ ಮಾರಾಟ ಆಗಿತ್ತು ಅಂತ ಅವರು ಅದನ್ನೇ ಹಿಡೀತಾರೆ, ಹಿಂದಿನ ವರ್ಷದ ಬಾಕಿಗಾದ್ರೆ ತೊಂದರೆ ಇಲ್ಲ.

ಚೆಕ್ ಕೇಸಿಗೆ ಕಂಪನಿ ಮೇಲೆ ಮೊರಟೋರಿಯಂ ಅಡ್ಡ ಬರುತ್ತೆ, ಸೈನ್ ಹಾಕಿದ ಡೈರೆಕ್ಟರ್ ಮೇಲೆ ಸಾಮಾನ್ಯವಾಗಿ ಬರುವುದಿಲ್ಲ, 2021ರ ಮೋಹನರಾಜ್ ತೀರ್ಪು. ಬ್ಯಾಂಕಿನ ರಿಟರ್ನ್ ಮೆಮೊ ಕೈಗೆ ಬಂದು 30 ದಿನದೊಳಗೆ ನೋಟಿಸ್ ಹೋಗ್ಬೇಕು, ನೋಟಿಸ್ ಮುಟ್ಟಿ 15 ದಿನ ಕಾದು ಆಮೇಲೆ ಒಂದು ತಿಂಗಳಲ್ಲಿ ಕಂಪ್ಲೇಂಟ್. ಮೆಮೊದ ತಾರೀಖು ಎಷ್ಟು?

ಸಿದ್ದಾಪುರ_ಬೆಳೆಗಾರ:

ಹೋದ ತಿಂಗಳ ಕೊನೆಗೆ. ಇನ್ನೂ ಟೈಮ್ ಉಂಟು ಅನ್ಸುತ್ತೆ. ಚೆಕ್ ಹಿಂದಿನ ವರ್ಷದ ಮೆಣಸಿಂದು, ಕಾಫಿದಲ್ಲ. ನಿಮ್ಮ ನಂಬರ್ ಕೊಡ್ತೀರಾ ಸರ್?

ಮಡಿಕೇರಿ_ಬಾರ್:

ಇಲ್ಲಿ ನಂಬರ್ ಹಾಕಿ ಕೇಸ್ ಕರೆಯುವ ಹಾಗಿಲ್ಲ ಅಣ್ಣ, ಬಾರ್ ಕೌನ್ಸಿಲ್ ರೂಲ್ ಉಂಟು. ನಿಮಗೆ ಪರಿಚಯ ಇರುವ ಯಾವ ವಕೀಲರ ಹತ್ರ ಆದ್ರೂ ಈ ವಾರವೇ ಹೋಗಿ, ಮೆಮೊ, ಚೆಕ್, ಚೀಟಿ, ರೈಟರ್ ಪುಸ್ತಕ ನಾಲ್ಕೂ ತಗೊಂಡು. ನೋಟಿಸನ್ನು ಕಂಪನಿ ವಿಳಾಸಕ್ಕೆ ಮಾತ್ರ ಅಲ್ಲ, ಡೈರೆಕ್ಟರ್ ಮನೆ ವಿಳಾಸಕ್ಕೂ ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸಲಿಕ್ಕೆ ಹೇಳಿ.